ಎಂಟಿಲ್ಲದ ಗಿರಣಿ

ಇಸಕ್ಕಿಮುತ್ತು ಆರು ಯಂತ್ರ ಕದ್ದು ಮಾರಿದ್ದಾನೆ ಎಂಬ ಸುದ್ದಿ ಬೆಳಗಿನ ಪಾಳಿ ಮುಗಿಯುವ ಮೊದಲೇ ಕೋವಿಲ್‌ಪಟ್ಟಿಯ ಟೀ ಅಂಗಡಿ ಮುಟ್ಟಿತ್ತು. ನೂಲುವ ಯಂತ್ರ ಒಂದೊಂದೂ ರೈಲು ಡಬ್ಬಿಯಷ್ಟು ಉದ್ದ. ಅದನ್ನು ಗಿರಣಿಯ ಗೇಟು ಹೇಗೆ ದಾಟಿಸಿದ, ಊಟದ ಕ್ಯಾರಿಯರಿನಲ್ಲಿ ಹಾಕಿಕೊಂಡು ಹೋದನೇ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಸುದ್ದಿಯ ರುಚಿ ಕೆಡುತ್ತದಲ್ಲ.

ಇಸಕ್ಕಿಮುತ್ತು ಆ ಗಿರಣಿಯ ರಿಪೇರಿ ಮೇಸ್ತ್ರಿ. ಯಾವ ಯಂತ್ರಕ್ಕೆ ಯಾವಾಗ ಎಣ್ಣೆ, ಯಾವುದಕ್ಕೆ ಬೇರಿಂಗು ಎಂದು ನೋಡಿಕೊಳ್ಳುವವನು. ಮೊದಲೆಲ್ಲ ಯಂತ್ರಗಳಿಗೆ ನಂಬರೇ ಇರಲಿಲ್ಲ. ಕಿಟಕಿ ಪಕ್ಕದ್ದು, ಸೆಲ್ವಿಯ ಜಡೆ ಸಿಕ್ಕಿಕೊಂಡದ್ದು, ಸದಾ ಕಿರುಚುವ ಒಂದಕ್ಕೆ ಅತ್ತೆ, ಹೀಗೆ ಬಾಯಿಗೆ ಬಂದ ಹೆಸರು. ‘ಕಿಟಕಿ ಪಕ್ಕದ್ದು ನಿಂತಿದೆ’ ಎಂದು ಯಾರಾದರೂ ಓಡಿಬಂದರೆ ಯಾವ ಕಿಟಕಿ ಎಂದು ಹುಡುಕುವುದರಲ್ಲೇ ಟೀ ಹೊತ್ತು ಆಗಿಬಿಡುತ್ತಿತ್ತು. ಒಮ್ಮೆ ಒಂದು ಯಂತ್ರದ ಕರೆಂಟು ತೆಗೆದು ಇನ್ನೊಂದಕ್ಕೆ ಕೈ ಹಾಕಿದ ಫಿಟ್ಟರ್ ಒಬ್ಬನ ಬೆರಳು ಕೂದಲೆಳೆಯಲ್ಲಿ ಉಳಿಯಿತು. ಅವತ್ತೇ ಇಸಕ್ಕಿಮುತ್ತು ತಗಡಿನ ಬಿಲ್ಲೆಗಳಿಗೆ ಅಂಕಿ ಕೊರೆಸಿ, ಸಾಲಾಗಿ ಒಂದೊಂದು ಯಂತ್ರಕ್ಕೂ ರಿವೆಟ್ ಹೊಡೆಯಲು ಶುರು ಮಾಡಿದ.

ಎಂಟನೆಯ ಬಿಲ್ಲೆಯ ಹೊತ್ತಿಗೆ ಮುದಲಾಳಿ ಅಡ್ಡ ಬಂದರು. ಗಿರಣಿಯ ಯಜಮಾನರಾದ ತಂಗಪಳಂ ಅವರನ್ನು ಎಲ್ಲರೂ ಕರೆಯುವುದೇ ಮುದಲಾಳಿ ಎಂದು. ಅವರಿಗೊಬ್ಬ ಸಂಖ್ಯಾಶಾಸ್ತ್ರಿ. ಅವನ ಮಾತಿನಂತೆ ಎಂಟು ಶನಿಯ ಅಂಕಿ. ಬಿಡಿ ಬಿಡಿಯಾಗಿ ಕೂಡಿದರೆ ಎಂಟಾಗುವ ನಂಬರೂ ಆಗದು. ಹಾಗಾಗಿ ಎಂಟು, ಹದಿನೇಳು, ಇಪ್ಪತ್ತಾರು, ಮೂವತ್ತೈದು, ನಲವತ್ನಾಲ್ಕು, ಐವತ್ಮೂರು, ಆರೂ ಬಿಲ್ಲೆ ಡಬ್ಬಿಗೆ ಹೋದವು; ಏಳರ ಪಕ್ಕದ ಯಂತ್ರ ನೇರ ಒಂಬತ್ತಾಯಿತು. ಇಸಕ್ಕಿಮುತ್ತು ತಕರಾರೆತ್ತಲಿಲ್ಲ. ಅವನ ಸ್ಕೂಟರಿನ ನಂಬರು ಕೂಡಿದರೂ ಒಂಬತ್ತೇ ಬರುತ್ತಿತ್ತು, ಅದೇನೂ ತಾನಾಗಿ ಬಂದದ್ದಲ್ಲ.

ಆಮೇಲೆ ವಿಮೆಯ ಅರ್ಜಿ ತುಂಬಿದ ಗುಮಾಸ್ತ ಮಹಾಶಯ, ಎಣಿಸುವ ಕಷ್ಟ ಯಾಕೆಂದು ಕೊನೆಯ ಯಂತ್ರದ ಬಿಲ್ಲೆ ನೋಡಿ ಐವತ್ನಾಲ್ಕು ಎಂದು ಬರೆದು ಕಳಿಸಿದ. ಚೆನ್ನೈಯಿಂದ ತನಿಖೆಗೆ ಬಂದ ವೆನ್ನಿಲಾ ಎಂಬ ವಿಮೆ ಕಂಪನಿಯ ಅಧಿಕಾರಿಣಿ ಎಣಿಸಿದರು. ನಲವತ್ತೆಂಟು.

‘ಉಳಿದ ಆರು ಎಲ್ಲಿ?’ ಎಂದರು. ಇಸಕ್ಕಿಮುತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಕೆ ಮುದಲಾಳಿಯ ಕಡೆ ತಿರುಗಿ, ಹೌದಾ ಸಾರ್ ಎಂದು ಕೇಳಿದರು.

ಮುದಲಾಳಿ ನಕ್ಕುಬಿಟ್ಟರು. ‘ಅಂಥ ಮೂಢನಂಬಿಕೆ ಎಲ್ಲ ನಮ್ಮಲ್ಲಿಲ್ಲಮ್ಮ. ನಂಬರ್ ಹಾಕ್ದೋನು ಇವನು. ಇವನ್ನೇ ಕೇಳಿ.’

ಇಸಕ್ಕಿಮುತ್ತುವಿಗೆ, ಇಪ್ಪತ್ತು ವರ್ಷ ಈ ಮನುಷ್ಯನ ಗಿರಣಿಯ ಎಣ್ಣೆ ಮೈಗೆ ಬಳಿದುಕೊಂಡದ್ದು ಇದಕ್ಕೇನಾ ಎನಿಸಿತು. ಟೀ ಅಂಗಡಿಯವನು, ‘ಅಣ್ಣಾಚ್ಚಿ, ನನಗೂ ಒಂದು ಮೆಷಿನ್ ಕೊಡಿ, ಹಾಲು ಕಲಕೋಕೆ’ ಎಂದ. ಮನೆಗೆ ಹೋದರೆ ಹೆಂಡತಿ ಪೊನ್ಮಾರಿ ಒರಳಲ್ಲಿ ತೆಂಗಿನಕಾಯಿ ರುಬ್ಬುತ್ತಾ ತಲೆಯೆತ್ತದೆ ಕೇಳಿದಳು. ‘ಆರ್ ಮೆಷಿನ್ ಮಾರ್ದ ಗಂಡ್ಸು ಮನೆಗೆ ಒಂದ್ ಮಿಕ್ಸಿ ತರಬಾರ್ದಾ?’

ಮರುದಿನ ವೆನ್ನಿಲಾ ಕಡ್ಡಿ ಮುರಿದ ಹಾಗೆ ಹೇಳಿದರು: ಆ ಆರು ನಂಬರಿನ ಯಂತ್ರಗಳನ್ನು ಸಂಜೆಯೊಳಗೆ ತೋರಿಸಬೇಕು, ಇಲ್ಲವಾದರೆ ಪೊಲೀಸು. ಮುದಲಾಳಿ ಇಸಕ್ಕಿಮುತ್ತುವನ್ನು ಪಕ್ಕಕ್ಕೆ ಎಳೆದರು.

‘ಲೇ ಇಸಕ್ಕಿ, ಕರೆಂಟಲ್ಲಿ ತಿರುಗೋದು ಯಾವ್ದಾದ್ರೂ ಹಿಡ್ದು ಆ ನಂಬರ್ ಹೊಡಿಯಲೇ. ನನ್ ಮಾನ ಉಳ್ಸು.’

‘ನನ್ನ ಮಾನ, ಮುದಲಾಳಿ?’

‘ಅದನ್ನ ಆಮೇಲ್ ನೋಡೋಣ.’

ಮುದಲಾಳಿ ಅಧಿಕಾರಿಣಿಯನ್ನು ಊಟಕ್ಕೆ ಕರೆದುಕೊಂಡು ಹೋದರು. ಇಸಕ್ಕಿಮುತ್ತು ಡ್ರಿಲ್ಲು, ರಿವೆಟ್ಟು, ಡಬ್ಬಿ ಹಿಡಿದು ಗಿರಣಿಯೆಲ್ಲ ಸುತ್ತಿದ. ಕರೆಂಟಲ್ಲಿ ತಿರುಗುವ, ಆದರೆ ನಂಬರಿಲ್ಲದ ಸಾಮಾನು ಇಡೀ ಗಿರಣಿಯಲ್ಲಿ ಒಂದೇ ಕಡೆ ಇತ್ತು. ಅದು ಮುದಲಾಳಿಯ ಕೋಣೆ.

ಊಟ ಮುಗಿಸಿ ಬಂದ ಮುದಲಾಳಿ ಬಾಗಿಲಲ್ಲೇ ನಿಂತರು. ಸಂಖ್ಯಾಶಾಸ್ತ್ರಿ ಹೇಳಿ ಇಡಿಸಿದ್ದ ಪುಟ್ಟ ನೀರಿನ ಕಾರಂಜಿಯ ಮೋಟಾರಿಗೆ ಎಂಟು. ಫ್ಯಾನಿಗೆ ಹದಿನೇಳು. ಫ್ರಿಜ್ಜಿಗೆ ಇಪ್ಪತ್ತಾರು. ಏಸಿಗೆ ಮೂವತ್ತೈದು. ಬೆನ್ನು ಒತ್ತುವ ಕರೆಂಟು ಕುರ್ಚಿಗೆ ನಲವತ್ನಾಲ್ಕು. ಕಾಫಿ ಯಂತ್ರಕ್ಕೆ ಐವತ್ಮೂರು. ಬಿಲ್ಲೆಗಳು ಫಳಫಳ ಹೊಳೆಯುತ್ತಿದ್ದವು.

ವೆನ್ನಿಲಾ ಒಂದೊಂದನ್ನೂ ಮುಟ್ಟಿ ನೋಡಿದರು. ಇಸಕ್ಕಿಮುತ್ತು ನಿನ್ನೆ ಹೇಳಿದ ನಂಬರುಗಳೇ ಇವು. ಆಕೆಯ ತುಟಿಯಂಚಲ್ಲಿ ನಗು ಮೂಡಿತು.

‘ಕೂತ್ಕೊಳ್ಳಿ ಸಾರ್,’ ಎಂದು ಕುರ್ಚಿ ತೋರಿಸಿದರು.

ಮುದಲಾಳಿ ನಿಂತೇ ಇದ್ದರು. ಕಾಫಿ ಬೇಡವೆಂದರು. ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ತಾವೇ ಹೋಗಿ ಏಸಿ ಆರಿಸಿದರು, ಫ್ಯಾನೂ ಆರಿಸಿದರು. ಹಣೆಯ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯಿತು. ವೆನ್ನಿಲಾ ಆ ಕುರ್ಚಿಯಲ್ಲಿ ತಾವೇ ಕೂತು, ಗುಂಡಿ ಒತ್ತಿ, ಬೆನ್ನು ಒತ್ತಿಸಿಕೊಳ್ಳುತ್ತಾ ಕಾದರು. ಅವರಿಗೇನೂ ಅವಸರವಿರಲಿಲ್ಲ.

ಕೊನೆಗೆ ಮುದಲಾಳಿಯೇ ಸೋತರು. ‘ಆ ನಂಬರ್ ನಾನೇ ಬಿಡ್ಸಿದ್ದಮ್ಮ. ಇವನದ್ದೇನೂ ತಪ್ಪಿಲ್ಲ. ಲೇ, ಕೀಳಲೇ ಅವನ್ನ.’

ಇಸಕ್ಕಿಮುತ್ತು ಕದಲಲಿಲ್ಲ. ‘ಇಲ್ಲಿ ಹೇಳಿದ್ರೆ ಸಾಲದು ಮುದಲಾಳಿ. ಕಳ್ಳ ಅಂದದ್ದು ಇಡೀ ಗಿರಣಿ. ಅಲ್ಲಿ ಹೇಳಿ.’

ಆಯುಧಪೂಜೆಗೆ ಹಾಡು ಹಾಕುವ ಮೈಕಿನಲ್ಲಿ ಮುದಲಾಳಿ ಹೇಳಿದರು. ಎರಡು ಪಾಳಿಯವರು ಒಟ್ಟಿಗೆ ಸೇರುವ ಹೊತ್ತದು. ಎಂಟು ಎಂಬ ಮಾತು ಬಂದಾಗ ಮಾತ್ರ ಅವರ ದನಿ ಸಣ್ಣಗಾಯಿತು. ಹೆಂಗಸರು ಮುಸಿಮುಸಿ ನಕ್ಕರು. ಸೆಲ್ವಿ, ‘ಇನ್ನೊಂದ್ಸಲ ಹೇಳ್ಸಿ ಅಣ್ಣಾಚ್ಚಿ, ಸರಿಯಾಗಿ ಕೇಳ್ಸಲಿಲ್ಲ’ ಎಂದಳು. ಇಸಕ್ಕಿಮುತ್ತು ಯಂತ್ರದ ಆ ಬದಿಗೆ ಹೋಗಿ, ಎಣ್ಣೆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡ. ಕಣ್ಣು ಇನ್ನೂ ಉರಿಯಿತು.

ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಪೊನ್ಮಾರಿಗೆ ಹೇಳಿದ. ಮುದಲಾಳಿ ಮೈಕಿನಲ್ಲಿ ಒಪ್ಪಿಕೊಂಡದ್ದನ್ನು ಎರಡು ಸಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ಅವನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿ, ಒರಳಿನ ಕಡೆ ನೋಡಿದಳು.

‘ಹಂಗಾದ್ರೆ ಮಿಕ್ಸಿ ಬರಲ್ಲ ಅಂತಾಯ್ತು.’