ಬಾವಿಯ ಹಗ್ಗ

ಬೆಳಗಿನ ಬಸ್ಸಿಗೆ ಹೊರಟಿದ್ದ ಅಮೋಘಿಯ ಕೈಚೀಲದಲ್ಲಿ, ರೊಟ್ಟಿಯ ಗಂಟಿನ ಕೆಳಗೆ ಹಗ್ಗ ಕಂಡಿದ್ದೇ ಮಗಳು ಸುಧಾರಾಣಿ ಮುಖ ಗಂಟಿಕ್ಕಿದಳು.

“ಯಪ್ಪಾ, ಇದನ್ನ್ಯಾಕ ತಗೊಂಡಿ?”

“ಇರಲಿ ಬಿಡವಾ. ನನ್ನ ಸಮಾಧಾನಕ್ಕ.”

ಕಾಖಂಡಕಿಯ ಹೊಲದ ಬಾವಿಯಲ್ಲಿ ಇದೇ ಹಗ್ಗವನ್ನು ಸೊಂಟಕ್ಕೆ ಕಟ್ಟಿ ಅವಳಿಗೆ ಈಜು ಕಲಿಸಿದವನು ಅವನೇ. ಹುಟ್ಟಿನಿಂದ ಬಲಗಾಲು ಸಣಕಲಾದ ಹುಡುಗಿ; ನೆಲದ ಮೇಲೆ ಕೋಲು ಬೇಕು, ನೀರಿಗಿಳಿದರೆ ಯಾರ ಹಂಗೂ ಇಲ್ಲ. “ಕುಂಟಿಗೆ ಎಂಥಾ ಈಜು” ಎಂದು ಊರವರು ನಕ್ಕಾಗ ಅಮೋಘಿ ಸುಮ್ಮನಿರುತ್ತಿದ್ದ. ಅವರ ಅನುಮಾನ ಅವನೊಳಗೂ ಇತ್ತಲ್ಲ!

ಹೋದ ವರ್ಷ ವಿಜಯಪುರದ ಅಂಗವಿಕಲರ ಈಜು ಸ್ಪರ್ಧೆಯಲ್ಲಿ ಅವಳೇ ಮುಂದಿದ್ದಳು. ನಡುವೆ ಅವಳ ತಲೆ ನೀರೊಳಗೆ ಹೋದದ್ದೇ ತಡ, ಅಮೋಘಿ ಧೋತರದ ಸಮೇತ ಧುಮುಕಿ ಅವಳನ್ನು ಎಳೆದುಕೊಂಡ. ಬೇರೆಯವರು ಮುಟ್ಟಿದರೆ ಆಟದಿಂದ ಹೊರಗೆ ಎಂಬುದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಜನ ಅವನಿಗೆ ಚಪ್ಪಾಳೆ ತಟ್ಟಿದರು. ಮಗಳು ಊರು ಮುಟ್ಟುವವರೆಗೂ ಮಾತಾಡಲಿಲ್ಲ.

ಈ ಸಲವೂ ಅದೇ ಸ್ಪರ್ಧೆ; ಗೆದ್ದರೆ ರಾಜ್ಯಮಟ್ಟ. ಈಜುಕೊಳದ ಬಾಗಿಲಲ್ಲೇ ತರಬೇತಿ ಕೊಡುವ ಮಹಾನಂದಾ ಅವನನ್ನು ತಡೆದಳು.

“ಕಾಕಾ, ನೀವು ಹೊರಗ ಕುಂದರ್ರಿ. ಮತ್ತ ಜಿಗಿದ್ರ ಹುಡುಗಿ ಕಷ್ಟ ಎಲ್ಲಾ ನೀರಾಗ ಹೋಗತೈತಿ.”

“ಹೊರಗ ಕುಂತ್ರ ಜೀವ ನಿಲ್ಲಂಗಿಲ್ರಿ ಬಾಯಾರ. ಒಳಗ ನಿಂತ್ರ ಕಾಲು ನಿಲ್ಲಂಗಿಲ್ಲ. ನಾ ಏನ್ ಮಾಡ್ಲಿ, ಹೇಳ್ರಿ?”

ಸುಧಾರಾಣಿ ತಿರುಗಿ ನಿಂತಳು. “ಮಂದಿ ಎಲ್ಲಾ ನನ್ನ ಕಾಲು ನೋಡ್ತಾರ, ಯಪ್ಪಾ. ನೀನರ ನನ್ನ ಈಜು ನೋಡು.”

ಮಹಾನಂದಾ ದಾರಿ ಬಿಟ್ಟಳು. ಅಮೋಘಿ ಒಳಗೆ ಹೋಗಿ, ಚೀಲದಿಂದ ಹಗ್ಗ ತೆಗೆದು ಒಂದು ತುದಿಯನ್ನು ಕೊಳದ ದಂಡೆಯ ಕಬ್ಬಿಣದ ಕಂಬಿಗೂ ಇನ್ನೊಂದನ್ನು ತನ್ನ ಸೊಂಟಕ್ಕೂ ಬಿಗಿದುಕೊಂಡ. ನೋಡಿದವರು ನಕ್ಕರು.

ಸೀಟಿ ಊದಿದರು. ಅರ್ಧ ದಾರಿಯಲ್ಲಿ ಮತ್ತೆ ಅವಳ ತಲೆ ನೀರೊಳಗೆ ಹೋಯಿತು. ಅಮೋಘಿ ಮುಂದಕ್ಕೆ ನುಗ್ಗಿದ; ಹಗ್ಗ ಜಗ್ಗಿ ಹಿಡಿಯಿತು. ಕಣ್ಣೆದುರಿಗೆ ಮಗಳು, ಕೈಗೆ ಎಟುಕದ ಹಾಗೆ. ಅಷ್ಟು ಅಸಹಾಯಕನಾಗಿ ಅವನು ಜೀವನದಲ್ಲಿ ನಿಂತಿರಲಿಲ್ಲ. ಬೆರಳುಗಳು ಗಂಟು ಬಿಚ್ಚಲು ಪರದಾಡಿದವು. ಆಗ ಅವಳ ಮಾತು ನೆನಪಾಯಿತು. ಗಂಟು ಬಿಟ್ಟು ಅವಳನ್ನೇ ನೋಡಿದ.

ತಲೆ ಮೇಲೆ ಬಂತು, ಉಸಿರು ತೆಗೆದುಕೊಂಡಿತು, ಮತ್ತೆ ಒಳಗೆ ಹೋಯಿತು. ಬಾವಿಯಲ್ಲಿ ತಲೆ ಎತ್ತಿಕೊಂಡೇ ಈಜಿದವನಿಗೆ, ಮುಖ ನೀರಿಗಿಳಿದರೆ ಮುಳುಗಿದಂತೆಯೇ ಲೆಕ್ಕ. ಅವಳು ಮುಳುಗುತ್ತಿರಲಿಲ್ಲ; ಮಹಾನಂದಾ ಕಲಿಸಿದಂತೆ ಮುಖ ನೀರಿಗಿಟ್ಟು ಈಜುತ್ತಿದ್ದಳು. ಹೋದ ವರ್ಷವೂ ಮುಳುಗಿರಲಿಲ್ಲ.

ಆಚೆ ದಡವನ್ನು ಎಲ್ಲರಿಗಿಂತ ಮೊದಲು ಅವಳೇ ಮುಟ್ಟಿದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಮೋಘಿ ಕಂಬಿಗೆ ಒರಗಿ ಕುಸಿದು ಕುಳಿತು ಅಳುತ್ತಿದ್ದ.

ಸುಧಾರಾಣಿ ಕೋಲೂರುತ್ತ, ನೀರು ಸುರಿಸುತ್ತ ಬಂದಳು.

“ಬಿಚ್ಚಾಕ ಬರವಲ್ಲದವಾ,” ಎಂದ.

ಅವಳು ಕೋಲನ್ನು ಪಕ್ಕಕ್ಕಿಟ್ಟು ಅವನೆದುರು ಕುಳಿತು, ಒದ್ದೆ ಕೈಯಿಂದ ಅಪ್ಪನ ಸೊಂಟದ ಗಂಟು ಬಿಚ್ಚತೊಡಗಿದಳು.