ಅಕ್ಕನೇ ಬಿಚ್ಚಬೇಕು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸ ಅವಳದು. ಹಗಲೆಲ್ಲ ದವಡೆ ಹಿಡಿದುಕೊಂಡು ಬಂದವರ ಗೋಳು ಕೇಳಿ ಸಾಕಾಗುತ್ತಿದ್ದವಳಿಗೆ ಸಂಜೆಯ ನೆಮ್ಮದಿಯೆಂದರೆ ಎರಡು ಹೆಣಿಗೆ ಕಡ್ಡಿ, ಒಂದು ಉಣ್ಣೆಯುಂಡೆ, ಮತ್ತೆ ಫೋನಿನೊಳಗೆ ಕಚಪಚ ಎನ್ನುವ ಮುನ್ನೂರು ಜನ ಹೆಣಿಗೆಯವರ ಗುಂಪು. ಅಲ್ಲಿ ಯಾರಿಗೂ ಯಾರ ನಿಜವಾದ ಹೆಸರೂ ಗೊತ್ತಿರಲಿಲ್ಲ. ಒಬ್ಬರು ಬೆಕ್ಕಿನಮ್ಮ, ಒಬ್ಬರು ಬೇಕರಿಯಣ್ಣ, ಒಬ್ಬಳು ಗುಬ್ಬಿ. ಗುಂಪು ಕಟ್ಟಿದವಳು, ನಿಯಮ ಮಾಡಿದವಳು, ನಿಯಮ ಮುರಿದವರನ್ನು ಗದರಿಸುವವಳು ಇವಳೇ ಆದ್ದರಿಂದ ಎಪ್ಪತ್ತು ದಾಟಿದವರಿಗೂ ಇವಳು ಅಕ್ಕ.

ವರ್ಷದ ಕೊನೆಯ ರಜೆಯಲ್ಲಿ ಗುಂಪಿನವರೆಲ್ಲ ಸೇರಿ ಒಂದು ಲಕ್ಕಿ ಡ್ರಾ ಮಾಡುತ್ತಿದ್ದರು. ಬಹುಮಾನಗಳನ್ನು ಸದಸ್ಯರೇ ಕಳಿಸಬೇಕು, ಚೀಟಿ ಮಾರಿ ಬಂದ ಹಣವೆಲ್ಲ ಆಸ್ಪತ್ರೆಯ ಮಕ್ಕಳ ವಾರ್ಡಿಗೆ. ಈ ಸಲ ಅಕ್ಕ ಒಂದು ಹೊಸ ಉಪಾಯ ಹೂಡಿದಳು. ಕೊಡಲು ಏನೂ ಇಲ್ಲ ಅನ್ನುವವರು ಮೂಲೆಯಲ್ಲಿ ಬಿದ್ದಿರುವ ಹಳೆ ಸ್ವೆಟರ್ ಕಳಿಸಿ, ನಾನು ಬಿಚ್ಚಿ, ತೊಳೆದು, ಉಂಡೆ ಸುತ್ತಿ ಬಹುಮಾನಕ್ಕಿಡುತ್ತೇನೆ ಎಂದು ಬರೆದು, ಕೆಳಗೆ ಮನೆಯ ವಿಳಾಸವನ್ನೂ ಫೋನ್ ನಂಬರನ್ನೂ ಹಾಕಿದಳು. ಬಿಚ್ಚುವುದರಲ್ಲಿ ಅವಳದು ಎತ್ತಿದ ಕೈ. ಹೊಲಿಗೆ ಕತ್ತರಿಸಿ, ಎಳೆಯ ತುದಿ ಹುಡುಕಿ ಒಮ್ಮೆ ಎಳೆಯಲು ಶುರುಮಾಡಿದಳೆಂದರೆ ಟೀವಿಯಿಂದ ಕಣ್ಣು ತೆಗೆಯದೆಯೇ ಒಂದು ಸ್ವೆಟರನ್ನು ಮುಗಿಸಿಬಿಡುತ್ತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ತಂಗಿ ಹಾಸ್ಯ ಮಾಡಿದರೆ ಅಕ್ಕನಿಗೆ ಹೊಗಳಿದ ಹಾಗೇ ಕೇಳಿಸುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಪಾರ್ಸಲ್‌ಗಳ ರಾಶಿಯ ಮುಂದೆ ಕೂತರು. ತಂಗಿ ಹೊರಗಿನ ಕಾಗದ ಹರಿದು ಕಸದ ಚೀಲಕ್ಕೆ ತುಂಬುತ್ತಿದ್ದಳು, ಮೇಲೆ ಅಂಟಿಸಿದ ಚೀಟಿ ಏನಾದರೂ ಇದ್ದರೆ ಕಳೆದುಹೋಗಬಾರದೆಂದು ಕಿತ್ತು ಒಳಗಿನ ವಸ್ತುವಿಗೇ ಪಿನ್ನು ಚುಚ್ಚಿ ಇಡುತ್ತಿದ್ದಳು. ಹಾಗೆ ಅಕ್ಕನ ಕೈಗೆ ಬಂದದ್ದು ಒಂದು ನೇರಳೆ ಬಣ್ಣದ ಸ್ವೆಟರ್. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಎರಡೇ ಸಾಲು: ಅಕ್ಕನೇ ಬಿಚ್ಚಬೇಕು. ಬೇರೆ ಯಾರ ಕೈಗೂ ಕೊಡಬೇಡಿ.

ಅಕ್ಕ ಹಿಗ್ಗಿದಳು. ತನ್ನ ಕೈಚಳಕ ಇಷ್ಟು ಹೆಸರುವಾಸಿಯಾಗಿದೆಯೇ ಎಂದು ತಂಗಿಗೆ ಓದಿ ತೋರಿಸಿದಳು. ಆಮೇಲೆ ಸ್ವೆಟರನ್ನು ನೆಲದ ಮೇಲೆ ಹಾಸಿ ನೋಡಿ ನಕ್ಕಳು. ಒಂದು ತೋಳಿಗಿಂತ ಇನ್ನೊಂದು ಎರಡು ಬೆರಳು ಗಿಡ್ಡ. ಯಾರೋ ಪಾಪ ಹೊಸಬರು, ಅಳತೆ ತಪ್ಪಿಸಿಕೊಂಡು ನಾಚಿಕೆಯಿಂದ ಹೆಸರನ್ನೂ ಬರೆದಿಲ್ಲ ಎಂದಳು. ಉಣ್ಣೆ ಮಾತ್ರ ಒಳ್ಳೆಯದು, ಇಂಥ ಕೈಗೆ ಸಿಕ್ಕಿ ಹಾಳಾಯಿತು ಎಂದೂ ಅಂದಳು. ಈ ಮಾತನ್ನು ಅವಳು ಆಮೇಲೆ ಎಷ್ಟು ಸಲ ನೆನೆದುಕೊಂಡಳೋ ಲೆಕ್ಕವಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಆ ಸ್ವೆಟರ್ ಬಕೆಟ್ಟಿನ ಬೆಚ್ಚನೆ ನೀರಿನಲ್ಲಿ ಬರೀ ದಾರವಾಗಿ ಮುಳುಗಿತ್ತು. ಎರಡು ದಿನ ಬಿಟ್ಟು ಆರು ಉಂಡೆಗಳಾಗಿ, ಬುಟ್ಟಿಯಲ್ಲಿ ಕೂತು, ಹದಿನೇಳನೇ ಬಹುಮಾನವೆಂದು ಗುಂಪಿನಲ್ಲಿ ಅದರ ಫೋಟೋ ಬಂತು. ಎಲ್ಲರೂ ಬಣ್ಣ ಹೊಗಳಿದರು. ಇಂಥದ್ದಕ್ಕೆಲ್ಲ ಮೊದಲು ಬಾಯಿ ಹಾಕುವ ಗುಬ್ಬಿ ಮಾತ್ರ ಏನೂ ಬರೆಯಲಿಲ್ಲ. ಗುಬ್ಬಿ ಸುಮ್ಮನಾಗಿ ಎರಡು ತಿಂಗಳೇ ಆಗಿತ್ತು. ಅಕ್ಕ ಅದನ್ನು ಗಮನಿಸಿದ್ದಳು, ಡ್ರಾ ಮುಗಿಯಲಿ ವಿಚಾರಿಸೋಣ ಎಂದು ಮುಂದಕ್ಕೆ ಹಾಕಿದ್ದಳು.

ಡ್ರಾ ಗದ್ದಲದಲ್ಲಿ ಚೆನ್ನಾಗಿಯೇ ನಡೆಯಿತು. ತಂಗಿ ಕಣ್ಣು ಕಟ್ಟಿಕೊಂಡು ಪಾತ್ರೆಯಿಂದ ಚೀಟಿ ಎತ್ತಿದಳು, ಹದಿನೇಳನೇ ಬಹುಮಾನ ಬೇಕರಿಯಣ್ಣನ ಪಾಲಾಯಿತು, ಬುಟ್ಟಿ ಮಾರನೇ ದಿನವೇ ಅಂಚೆಗೆ ಹೋಯಿತು.

ಹತ್ತು ದಿನದ ಮೇಲೆ, ಕ್ಲಿನಿಕ್ಕಿನಲ್ಲಿ ನಾಲ್ಕು ಜನ ಬಾಯಿ ಮುಚ್ಚಿಕೊಂಡು ಸರದಿ ಕಾಯುತ್ತಿದ್ದಾಗ, ಅಕ್ಕನ ಫೋನಿನಲ್ಲಿ ಗುಬ್ಬಿ ಎಂಬ ಹೆಸರು ಮೂಡಿತು. ನಾಲ್ಕು ವರ್ಷ ಹರಟಿದ್ದರೂ ಇಬ್ಬರೂ ಫೋನಿನಲ್ಲಿ ಮಾತಾಡಿರಲಿಲ್ಲ. ಖುಷಿಯಿಂದಲೇ ಎತ್ತಿದಳು. ಆ ಕಡೆ ಗಂಡಸಿನ ದನಿ.

“ಅಕ್ಕ ಅಂದ್ರೆ ನೀವೇನಾ? ನಾನು ಗುಬ್ಬಿ ಗಂಡ.”

ಲಿಫ್ಟ್ ರಿಪೇರಿ ಮಾಡುವ ಕೆಲಸ ಅವರದಂತೆ. ಗುಬ್ಬಿ ತೀರಿಕೊಂಡು ಎರಡೂವರೆ ತಿಂಗಳಾಯಿತು ಎಂದು ಯಂತ್ರದ ಕೆಟ್ಟ ಭಾಗದ ವಿಷಯ ಹೇಳುವಷ್ಟೇ ನಿಧಾನವಾಗಿ ಹೇಳಿದರು. ಹೋಗುವ ಮೊದಲು ಅಕ್ಕನಿಗೆಂದು ಒಂದು ಸ್ವೆಟರ್ ಮುಗಿಸಿದ್ದಳು, ನಿಮ್ಮ ವಿಳಾಸ ಅವಳ ಫೋನಿನಲ್ಲಿ ಸಿಕ್ಕಿತು, ನಾನೇ ಕಟ್ಟಿ ಕಳಿಸಿದೆ, ತಲುಪಿತೇ ಎಂದು ಕೇಳಿದರು. ನೀವು ಹಿಂದೊಮ್ಮೆ ಬರೆದಿದ್ದಿರಂತಲ್ಲ, ಊರಿಗೆಲ್ಲ ಹೆಣೆದುಕೊಡ್ತೀನಿ, ನನಗೆ ಯಾರೂ ಹೆಣೆದವರಿಲ್ಲ, ಚಿಕ್ಕವಳಿದ್ದಾಗ ಮುರಿದ ಎಡಗೈ ಸ್ವಲ್ಪ ಗಿಡ್ಡ, ಅಂಗಡಿಯ ಸ್ವೆಟರ್ ಹಾಕಿದರೆ ಅಂಗೈ ಒಳಗೇ ಹೋಗುತ್ತೆ ಅಂತ.

ಬರೆದದ್ದು ಹೌದು. ಐವತ್ತು ಜನ ನಗುವ ಚಿತ್ರ ಒತ್ತಿ ಮುಂದೆ ಹೋಗಿದ್ದರು. ಸರಿಯಾಗಿ ಎಷ್ಟು ಬೆರಳು ಅಕ್ಕ, ಎಂದು ಕೇಳಿದವಳು ಗುಬ್ಬಿ ಒಬ್ಬಳೇ. ಎರಡು ಎಂದು ಅಕ್ಕ ಬರೆದಿದ್ದಳು. ದಿನಾ ಬೆಳಿಗ್ಗೆ ಸ್ವೆಟರಿನ ಎಡತೋಳು ಮಡಚಿಕೊಂಡು ಕೆಲಸಕ್ಕೆ ಬರುವ ಈ ಮಹಾತಾಯಿಗೆ, ತನ್ನ ಕೈಯ ಅಳತೆಯೇ ಎದುರಿಗೆ ಬಂದು ನೆಲದ ಮೇಲೆ ಮಲಗಿದಾಗ ಗುರುತು ಹತ್ತಲಿಲ್ಲ.

“ಎಡಗೈ ಸರಿಯಾಗಿ ಬಂತಾ?” ಎಂದರು ಅವರು. “ಅವಳಿಗೆ ಅದರದ್ದೇ ಚಿಂತೆ. ಕಂಡಿಲ್ಲದ ಕೈಗೆ ಹೆಂಗೆ ಹೆಣೆಯೋದು ಅಂತಿದ್ಲು.”

“ಸರಿಯಾಗಿದೆ,” ಎಂದಳು ಅಕ್ಕ.

ಬಾಯಿಂದ ಅದು ಹೇಗೆ ಜಾರಿತೋ ಅವಳಿಗೇ ತಿಳಿಯಲಿಲ್ಲ. ಆ ಕಡೆ ಅವರು ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಬಿಡುವಾದಾಗ ಹಾಕಿಕೊಂಡು ಒಂದು ಫೋಟೋ ಕಳಿಸಿ ಎಂದು ಕೇಳಿಕೊಂಡು ಫೋನ್ ಇಟ್ಟರು.

ಸುಳ್ಳು ಹೇಳಿದರೂ ನಿಜದ ತಲೆ ಮೇಲೆ ಹೊಡೆದ ಹಾಗಿರಬೇಕು ಅನ್ನುತ್ತಾರೆ. ಹಾಗೇ ಮಾಡಲು ಅಕ್ಕ ಹೊರಟಳು. ಬೇಕರಿಯಣ್ಣನಿಗೆ ಫೋನ್ ಮಾಡಿ ಬೇರೆ ಉಣ್ಣೆ ಕೊಡುತ್ತೇನೆಂದು ಹಲ್ಲುಗಿಂಜಿದಳು. ಅವನು ಮಗಳಿಗೆ ಟೋಪಿ ಶುರುಮಾಡಿದ್ದನಂತೆ. ಕಾರಣ ಕೇಳದೆ ಅದನ್ನೂ ಬಿಚ್ಚಿ ಆರೂ ಉಂಡೆ ವಾಪಸ್ ಕಳಿಸಿದ. ಅದೇ ಉಣ್ಣೆ, ಅದೇ ಅಳತೆ, ಒಂದು ವಾರ ರಜೆ ಹಾಕಿದರೆ ಸ್ವೆಟರ್ ಎದ್ದು ನಿಲ್ಲುತ್ತದೆ ಎಂದು ಕಡ್ಡಿ ಹಿಡಿದು ಕೂತಳು.

ಕೂತಮೇಲೆ ಗೊತ್ತಾಯಿತು. ಅಂಚಿನಲ್ಲಿ ಯಾವ ವಿನ್ಯಾಸವಿತ್ತು? ಕತ್ತು ದುಂಡಗಿತ್ತೋ, ಚೂಪಗಿತ್ತೋ? ಎದೆಯ ಮೇಲೆ ಎಲೆಗಳ ಸಾಲೊಂದು ಇದ್ದಂತೆ ನೆನಪು, ಅದು ಬೇರೆ ಸ್ವೆಟರಿನದೂ ಇರಬಹುದು. ಬಿಚ್ಚುವಾಗ ಅವಳ ಕಣ್ಣು ಟೀವಿಯ ಮೇಲಿತ್ತು. ತಂಗಿಯನ್ನು ಕೇಳಿದರೆ ಅವಳಿಗೆ ನೆನಪಿದ್ದದ್ದು ಗಿಡ್ಡ ತೋಳು ಮತ್ತು ಅಕ್ಕ ನಕ್ಕದ್ದು, ಎರಡೇ. ಮೂರು ದಿನ ನಾಲ್ಕು ಸಾಲು ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಸತ್ತವಳ ಕೆಲಸವನ್ನು ಊಹೆಯಿಂದ ಮಾಡಲು ನಾಚಿಕೆಯಾಗಿ ಕಡ್ಡಿ ಕೆಳಗಿಟ್ಟಳು.

ಊಟದ ಬಿಡುವಿನಲ್ಲಿ ಕ್ಲಿನಿಕ್ಕಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಗುಬ್ಬಿಯ ಗಂಡನಿಗೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿದಳು, ಚೀಟಿಯಿಂದ ಹಿಡಿದು ಬಕೆಟ್ಟಿನವರೆಗೆ. ಕೆಲಸ ನೋಡಿ ನಕ್ಕದ್ದನ್ನೂ ನುಂಗಿಕೊಳ್ಳಲಿಲ್ಲ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ನಾನು ಪಾರ್ಸಲ್ ಬಿಚ್ಚಿ ಅಂತ ಬರೆದಿದ್ದು,” ಎಂದರು. “ತೆಗೀರಿ ಅಂತ ಬರೀಬೇಕಿತ್ತು. ನಿಮ್ಮ ಭಾಷೆ ನನಗೆ ಗೊತ್ತಿಲ್ಲ ನೋಡಿ.”

ತಪ್ಪು ನಿಮ್ಮದಲ್ಲ ಎಂದು ಅಕ್ಕ ಹೇಳುತ್ತಿದ್ದಂತೆ ಅವರೇ ತಡೆದರು.

“ಹಾಗಾದ್ರೆ ಎಡಗೈ ಸರಿಯಾಗಿದೆ ಅಂದ್ರಲ್ಲ, ಅದು?”

“ನಾನು ಹಾಕ್ಕೊಂಡೇ ನೋಡಿರ್ಲಿಲ್ಲ.”

“ಅವತ್ತು ನೀವು ಹಂಗಂದ ಕೂಡ್ಲೇ ಅವಳ ಫೋಟೋ ಮುಂದೆ ನಿಂತು ಹೇಳ್ಬಿಟ್ಟೆ, ಸರಿಯಾಗಿದೆಯಂತೆ ಕಣೇ ಅಂತ,” ಎಂದರು ಅವರು. “ಈಗ ಹೋಗಿ ಏನು ಹೇಳ್ಲಿ?”