ಬಿಸಿಲು ಬೀಳುವ ಇಳಿಜಾರು

ಕುಡುಗೋಲು ಹಿಡಿದು ಸಮಾಧಿಯ ದಿಬ್ಬದ ಮೇಲೆ ಬಗ್ಗಿದ್ದ ಹೆಂಗಸು ತಲೆಯೆತ್ತಿದಾಗ ತೇಗ್ಯುವಿಗೆ ಮೊದಲು ಗುರುತೇ ಸಿಗಲಿಲ್ಲ. ಬಿಳಿ ಟೋಪಿ ಇಲ್ಲದೆ ಅವಳನ್ನು ಅವನು ಎಂದೂ ನೋಡಿರಲಿಲ್ಲ. ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ದಿನವೂ ಅವನ ತಟ್ಟೆಗೆ ಅನ್ನ ಬಡಿಸುವ ಸುನಿಮ್ ಅವಳು. ವಿದ್ಯಾರ್ಥಿಗಳಿಂದ ಹಿಡಿದು ಕುಲಪತಿಯವರೆಗೆ ಎಲ್ಲರಿಗೂ ಚಿಕ್ಕಮ್ಮ.

"ಅಂತೂ ಸಿಕ್ಕಿಬಿದ್ದೆ. ಹುಲ್ಲು ಕೊಯ್ದ್ರೂ ಕೇಸ್ ಹಾಕ್ತೀರಾ ಸಾರ್?" ಎಂದು ನಕ್ಕಳು.

ಸುಗ್ಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಊರಿಗೆ ಊರೇ ತಂತಮ್ಮ ಹಿರಿಯರ ಸಮಾಧಿಯ ಹುಲ್ಲು ಕೊಯ್ಯುವ ದಿನಗಳು. ಅವಳ ಕಡೆಯವರದ್ದೇ ಇರಬೇಕೆಂದು ತೇಗ್ಯು ವಿಚಾರಿಸಿದ. ಅಲ್ಲವಂತೆ. ಅವಳ ಒಬ್ಬನೇ ಮಗ ಉಜಿನ್ ಮೀನು ಹಿಡಿಯುವ ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ. ಸಮುದ್ರ ಅವನ ಒಂದು ಅಂಗಿಯನ್ನೂ ವಾಪಸು ಕೊಡಲಿಲ್ಲ. ಈ ದಿನಗಳಲ್ಲಿ ನೆರೆಹೊರೆಯವರೆಲ್ಲ ಕುಡುಗೋಲು ಮಸೆದು ಹೊರಟರೆ ಇವಳ ಕೈಗೆ ಮಾತ್ರ ಕೆಲಸವಿರುತ್ತಿರಲಿಲ್ಲ. ಒಂದು ವರ್ಷ ಗುಡ್ಡದಲ್ಲಿ ಸೊಪ್ಪು ಹುಡುಕುತ್ತಿದ್ದಾಗ ಮುಳ್ಳಿನಡಿ ಮುಚ್ಚಿಹೋಗಿದ್ದ ಈ ದಿಬ್ಬ ಕಂಡಿತು. ಕೇಳುವವರು ಯಾರೂ ಇರಲಿಲ್ಲ. ಹುಲ್ಲು ಕೊಯ್ದಳು. ಮರುವರ್ಷವೂ ಬಂದಳು. ಆಮೇಲಾಮೇಲೆ ಅದನ್ನು ಉಜಿನ್ ಎಂದೇ ಕರೆಯತೊಡಗಿದಳು. ಇದು ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಹತ್ತು ಜನ ಹತ್ತು ಮಾತಾಡುತ್ತಿದ್ದರು, ಅಷ್ಟೇ.

ತೇಗ್ಯು ಬಂದಿದ್ದೇ ಆ ದಿಬ್ಬವನ್ನು ತೆಗೆಸಲಿಕ್ಕೆ.

ವಿಶ್ವವಿದ್ಯಾಲಯದ ಕಟ್ಟಡಗಳ ವಿಭಾಗಕ್ಕೆ ಅವನೇ ಮುಖ್ಯಸ್ಥ. ಗ್ಯಾಸು, ಎಣ್ಣೆ ಯಾವುದನ್ನೂ ಸುಡದೆ ಚಳಿಗಾಲ ಕಳೆಯುವ ಹೊಸ ಹಾಸ್ಟೆಲ್ ಕಟ್ಟಬೇಕೆಂದು ವರ್ಷಗಟ್ಟಲೆ ಎಲ್ಲರ ಕೈಕಾಲು ಹಿಡಿದು ಒಪ್ಪಿಸಿದ್ದ. ಅದರ ಸೌರಫಲಕಗಳಿಗೆ ದಕ್ಷಿಣಕ್ಕೆ ಮುಖ ಮಾಡಿದ, ನೆರಳಿಲ್ಲದ ಇಳಿಜಾರು ಇದೊಂದೇ. ಹಿಂದಿನವರೂ ಸತ್ತವರು ಬೆಚ್ಚಗಿರಲೆಂದು ಹುಡುಕಿ ಹುಡುಕಿ ಇಂಥ ಜಾಗದಲ್ಲೇ ಮಣ್ಣು ಮಾಡುತ್ತಿದ್ದರು. ಉಳಿದ ಸಮಾಧಿಗಳೆಲ್ಲ ಕುಸಿದು ಕಾಡಾಗಿದ್ದವು. ಸರ್ವೆಯವರು ಡ್ರೋನ್ ಹಾರಿಸಿ ತೆಗೆದ ಚಿತ್ರದಲ್ಲಿ ಇದೊಂದು ಮಾತ್ರ ಬೋರಲು ಹಾಕಿದ ಬಟ್ಟಲಿನ ಹಾಗೆ ಎದ್ದು ಕಂಡಿತ್ತು. ಮುಳ್ಳು ಬೆಳೆಯಲು ಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ವಾರಸುದಾರರು ಬರಲಿ ಎಂದು ಸೂಚನಾಫಲಕ ಹಾಕಿ ಕಾಯಬೇಕು, ಬಾರದಿದ್ದರೆ ಮೂಳೆಗಳನ್ನು ಸುಟ್ಟು ಅನಾಥರ ಬೂದಿಮನೆಯಲ್ಲಿ ಇಡಬೇಕು. ಇದು ಕಾನೂನು. ತೇಗ್ಯು ಅದನ್ನು ತಲೆತಗ್ಗಿಸಿಕೊಂಡೇ ಹೇಳಿದ. ಸುನಿಮ್ ಕೊಯ್ದ ಹುಲ್ಲನ್ನು ಒಟ್ಟು ಮಾಡುತ್ತಾ ಕೇಳಿಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇಲ್ಲಿ ಮಲಗಿರೋರ ಅಣ್ಣನ ಮಗಳು ಅಂತ ಹೇಳಿಬಿಡಿ ಚಿಕ್ಕಮ್ಮ. ಬೇರೆ ಯಾರೂ ಬರಲ್ಲ. ಮೂಳೆಗಳನ್ನ ನಾನು ನಿಮ್ಮ ಕೈಗೇ ಕೊಡಿಸ್ತೀನಿ. ಸಮುದ್ರ ಕಾಣೋ ಕಡೆ ಒಂದು ಜಾಗ ನೋಡೋಣ."

"ಸಮುದ್ರ ಬೇಡ. ಅದಕ್ಕೆ ಕೊಟ್ಟಿದ್ದು ಸಾಕು" ಎಂದಳು. ಹುಲ್ಲಿನ ಹೊರೆ ಕಟ್ಟುತ್ತಾ, "ನಿಜವಾಗ್ಲೂ ಕೊಡ್ತಾರಾ?" ಎಂದು ಕೇಳಿದಳು.

ಕೊಡುತ್ತಾರೆ ಎಂದು ತೇಗ್ಯು ಮಾತು ಕೊಟ್ಟ. ಆದರೆ ಇಷ್ಟು ಅಚ್ಚುಕಟ್ಟಾಗಿ ನೋಡಿಕೊಂಡಿರುವ ಸಮಾಧಿಗೆ ಯಾರೋ ಇದ್ದೇ ಇರಬೇಕೆಂದು, ಕಾನೂನು ಕೇಳದಿದ್ದರೂ, ಅವನು ಹಿಂದಿನ ವಾರವೇ ಗುಡ್ಡದ ಕೆಳಗಿನ ಊರಿನ ಮುದುಕರನ್ನೆಲ್ಲ ವಿಚಾರಿಸಿ ಬಂದಿದ್ದ. ಆ ಮಾತು ಬಾಯಿಂದ ಬಾಯಿಗೆ ದಾಟಿ ದೂರದ ಇಂಚೋನ್ ನಗರ ಮುಟ್ಟಿತು. ಚಳಿ ಮುಗಿಯುವ ಹೊತ್ತಿಗೆ ಸೊಕ್‌ಚೋಲ್ ಎಂಬ ಅರವತ್ತು ದಾಟಿದ ಮನುಷ್ಯ ಫೋನ್ ಮಾಡಿದ. ಅದು ತನ್ನ ಅಜ್ಜನ ಸಮಾಧಿ, ಅಪ್ಪ ಸಾಯುವವರೆಗೂ ಪಕ್ಕದ ಗುಡ್ಡದಲ್ಲಿ ಹುಡುಕುತ್ತಿದ್ದ ಎಂದು ಹೇಳುವಾಗ ಅವನ ದನಿ ನಡುಗಿತು. ಅದರಲ್ಲಿ ಸುಳ್ಳಿರಲಿಲ್ಲ.

ಸುನಿಮ್‌ಗೆ ಹೇಳಬೇಕಿತ್ತು. ತೇಗ್ಯು ಪ್ರತಿ ಮಧ್ಯಾಹ್ನ ಹೇಳಿಬಿಡಬೇಕೆಂದೇ ತಟ್ಟೆ ಹಿಡಿದು ನಿಲ್ಲುತ್ತಿದ್ದ. ಅವಳು ಒಂದು ತುಂಡು ಮೀನು ಜಾಸ್ತಿ ಹಾಕಿ, ಯಾವುದೋ ಬೆಟ್ಟದ ದೇವಾಲಯದ ಹಿಂದೆ ಒಂದು ಪೈನ್ ಮರ ನೋಡಿದ್ದೇನೆ, ಅದರ ಬುಡ ಸಾಕು ಎನ್ನುತ್ತಿದ್ದಳು. ಅವನು ಮೀನು ತಿಂದು ಎದ್ದು ಬರುತ್ತಿದ್ದ. ದೊಡ್ಡ ದೊಡ್ಡ ಸಭೆಗಳಲ್ಲಿ ಮೇಜು ಗುದ್ದಿ ಮಾತಾಡಿದ ಮನುಷ್ಯ, ಇಷ್ಟು ಹೇಡಿ.

ಅಗೆಯುವ ದಿನ ಸುನಿಮ್ ಇಸ್ತ್ರಿ ಮಾಡಿದ ಬೂದು ಬಟ್ಟೆ ಉಟ್ಟು, ಬಟ್ಟೆಯಲ್ಲಿ ಕಟ್ಟಿದ ಅಡುಗೆಯ ಗಂಟು ಹೊತ್ತು ಗುಡ್ಡ ಹತ್ತಿ ಬಂದಳು. ಸೊಕ್‌ಚೋಲ್ ಆಗಲೇ ಗುಂಡಿಯ ಪಕ್ಕ ಮಂಡಿಯೂರಿದ್ದ. ಕೆಲಸದವರು ಕಪ್ಪಗಾದ ಮಣ್ಣನ್ನೂ ನಾಲ್ಕಾರು ಮೂಳೆಗಳನ್ನೂ ಬಿಳಿ ಕಾಗದದ ಮೇಲೆ ಇಡುತ್ತಿದ್ದರು. "ಅಜ್ಜಾ, ಬರೋದು ತಡವಾಯ್ತು" ಎಂದು ಆ ಮುದುಕ ಮಗುವಿನಂತೆ ಅಳುತ್ತಿದ್ದ. ಅವಳು ಅವನನ್ನು ನೋಡಿದಳು, ತೇಗ್ಯುವಿನ ಮುಖ ನೋಡಿದಳು.

ಸೊಕ್‌ಚೋಲ್ ಕಣ್ಣೊರೆಸಿಕೊಂಡು, ಇವರು ಯಾರು ಎಂದು ಕೇಳಿದ.

"ಊಟದ ಮನೆಯವಳು" ಎಂದಳು ಸುನಿಮ್. "ಕೆಲಸದೋರಿಗೆ ಊಟ ತಂದೆ."

ಅಲ್ಲೇ ಕುಳಿತು ಗಂಟು ಬಿಚ್ಚಿದಳು. ಮೊಟ್ಟೆಯಲ್ಲಿ ಅದ್ದಿ ಕರಿದ ಮೀನು, ಸಿಹಿಗೆಣಸು, ಉಜಿನ್‌ಗೆ ಇಷ್ಟವಾಗಿದ್ದ ಮೂಲಂಗಿಯ ಸಾರು. ಎಲ್ಲರಿಗೂ ಬಡಿಸಿದಳು. ಕೆಲಸದವರು ಚಪ್ಪರಿಸಿ ತಿಂದರು. ಸೊಕ್‌ಚೋಲ್, ಯಾರೋ ಪುಣ್ಯಾತ್ಮರು ವರ್ಷ ವರ್ಷ ಹುಲ್ಲು ಕೊಯ್ದಿದ್ದಾರೆ, ವಿಶ್ವವಿದ್ಯಾಲಯದವರೇ ಇರಬೇಕು ಎಂದು ತೇಗ್ಯುವಿನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ತೇಗ್ಯು ಬಾಯಿ ತೆರೆದ. ಸುನಿಮ್ ಬೇಡವೆಂದು ತಲೆಯಾಡಿಸಿದಳು.

ಕಾಗದದ ಗಂಟನ್ನು ಪುಟ್ಟ ಮರದ ಪೆಟ್ಟಿಗೆಯಲ್ಲಿಟ್ಟು ಸೊಕ್‌ಚೋಲ್ ಅಕ್ಕಿಯ ಹೆಂಡ ಸುರಿದು ಎರಡು ಸಲ ಅಡ್ಡಬಿದ್ದ. ಅವನು ಒಳ್ಳೆಯ ಮನುಷ್ಯ; ಇಷ್ಟೆಲ್ಲ ಊಟ ತಂದಿದ್ದೀರಿ, ನೀವೂ ಒಂದು ಬಟ್ಟಲು ಹಾಕಿ ಎಂದು ಅವಳನ್ನೂ ಕರೆದ.

ಹಿರಿಯರಿಗೆ ಎರಡೂ ಕೈಯಿಂದ ಸುರಿಯಬೇಕು. ಸುನಿಮ್ ಒಂದೇ ಕೈಯಿಂದ ಸುರಿದಳು. ಅಡ್ಡಬೀಳಲೂ ಇಲ್ಲ, ಸುಮ್ಮನೆ ನಿಂತಳು.

"ಚರ್ಚಿಗೆ ಹೋಗೋರಿರಬೇಕು, ಪರವಾಗಿಲ್ಲ ಬಿಡಿ" ಎಂದು ಸೊಕ್‌ಚೋಲ್ ತೇಗ್ಯುವಿನ ಕಿವಿಯಲ್ಲಿ ಹೇಳಿದ.

ತೇಗ್ಯು ಹೂಂಗುಟ್ಟಿದ. ನಮ್ಮಲ್ಲಿ ಹೆತ್ತವರು ಮಕ್ಕಳ ಮುಂದೆ ಅಡ್ಡಬೀಳುವುದಿಲ್ಲ.

ಗಾಳಿ ಬೀಸಿ ಪೆಟ್ಟಿಗೆಯೊಳಗಿನ ಕಾಗದದ ಒಂದು ಮೂಲೆ ಮೇಲೆದ್ದಿತು. ಸುನಿಮ್ ಬಗ್ಗಿ ಅದನ್ನು ಒಳಗೆ ಮಡಿಸಿ, ಅಂಗೈಯಿಂದ ಎರಡು ಸಲ ಮೆಲ್ಲಗೆ ಒತ್ತಿ, ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟಳು.